ವೀರಗಲ್ಲಿನ ಬುಡದಲ್ಲಿ ಡಬ್ಬಿ ಬೇಡ

ಜಿಯೋಕ್ಯಾಚಿಂಗ್ 2000ನೇ ಇಸವಿಯ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಒಬ್ಬರು ಡಬ್ಬಿ ಬಚ್ಚಿಟ್ಟು ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಹೊರದೇಶಗಳಲ್ಲಿ ಯುದ್ಧದಲ್ಲಿ ಮಡಿದವರ ಸಮಾಧಿಗಳ ಹತ್ತಿರವೂ ಆಡುವುದುಂಟು. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಕಾಳಗದಲ್ಲಿ ಸತ್ತವರ ನೆನಪು ಅಂದರೆ ವೀರಗಲ್ಲು.

ಆದರೆ ವೀರಗಲ್ಲು ಗೋರಿ ಅಲ್ಲ. ಅದರ ಬುಡದಲ್ಲಿ ಹೊನ್ನೂ ಇರೋದಿಲ್ಲ. ಇರೋದೆಲ್ಲ ಕಲ್ಲಿನ ಮೇಲೇ: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಪಟ್ಟಿಕೆಗಳ ನಡುವೆ ಬರಹ. ಇದನ್ನರಿಯದ ನಿಧಿಗಳ್ಳರು ಎಷ್ಟೋ ಕಲ್ಲುಗಳನ್ನು ಕಿತ್ತೆಸೆದಿದ್ದಾರೆ. ಅಂಥ ಕಡೆ ‘ಇಲ್ಲೇನೋ ಬಚ್ಚಿಟ್ಟಿದೆ’ ಅನ್ನೋ ಸುದ್ದಿ ಹಬ್ಬಿದರೆ ಕಲ್ಲಿನ ಗತಿ ಏನು?

ಚಿತ್ತಾಪುರ ತಾಲೂಕಿನ ಸನ್ನತಿಯನ್ನೇ ನೋಡಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಗಿದ್ದು 1986ರಲ್ಲಿ, ಚಾವಣಿ ಕುಸಿದ ಮೇಲೆ. ವಿಗ್ರಹ ನಿಲ್ಲಿಸಲು ಕೊರೆದ ತೂತಿನಲ್ಲಿ ಹೋದ ಅಕ್ಷರ ಹೋದವೇ.

ಡಬ್ಬಿಯೇ ಇಲ್ಲದ ವರ್ಚುವಲ್ ಕ್ಯಾಶ್ ಪದ್ಧತಿಯೂ ಈ ಆಟದಲ್ಲಿದೆ. ಸ್ಥಳಕ್ಕೆ ಹೋಗಿ ಪ್ರಶ್ನೆಗೆ ಉತ್ತರ ತರಬೇಕು. ವೀರನ ಕೈಯಲ್ಲಿ ಬಿಲ್ಲೋ, ಕತ್ತಿಯೋ? ಬರಹ ಎಷ್ಟು ಸಾಲು? ಅಗೆಯದೆ, ಸುಣ್ಣ ಬಳಿಯದೆ, ಓರೆ ಬಿಸಿಲಿನಲ್ಲಿ ಫೋಟೋ ತೆಗೆದು ತನ್ನಿ. ಶಾಸನ ಓದುವವರಿಗೂ ಮೊದಲು ಬೇಕಾದದ್ದು ಅದೇ.