ಒಡಹುಟ್ಟಿದವರ ಸರದಿ

ಅಮೆರಿಕದ ವಲಸೆ ಕಾನೂನಿನಲ್ಲಿ ರಕ್ತಸಂಬಂಧಕ್ಕೆ ಇಂದಿರುವ ಪ್ರಾಶಸ್ತ್ಯವು ಔದಾರ್ಯದಿಂದ ಹುಟ್ಟಿದುದಲ್ಲ. ಅದರ ಹಿಂದೆ ಇದ್ದುದು ಒಂದು ಲೆಕ್ಕಾಚಾರ. 1917ರ ಕಾಯಿದೆಯು ಭಾರತವನ್ನೊಳಗೊಂಡು ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. 1946ರ ಲೂಸ್-ಸೆಲ್ಲರ್ ಕಾಯಿದೆಯಿಂದ ಆ ಹಕ್ಕು ದೊರೆಯಿತಾದರೂ ಭಾರತದ ಪಾಲಿಗೆ ಬಂದುದು ವರ್ಷಕ್ಕೆ ಕೇವಲ 100 ವೀಸಾ.

1965ರ ಹಾರ್ಟ್-ಸೆಲ್ಲರ್ ಕಾಯಿದೆಯ ಮೂಲ ಕರಡು ವೃತ್ತಿಕೌಶಲಕ್ಕೆ ಅಗ್ರಸ್ಥಾನ ನೀಡಿತ್ತು. ಓಹಾಯೋದ ಪ್ರತಿನಿಧಿ ಮೈಕೇಲ್ ಫೀಘನ್ ಅದನ್ನು ತಿರುಗುಮುರುಗು ಮಾಡಿಸಿದರು. ಈಗಾಗಲೇ ನೆಲೆಸಿದವರ ಬಂಧುಗಳಿಗೇ ಆದ್ಯತೆ ಕೊಟ್ಟರೆ ಬರುವವರು ಯೂರೋಪಿನವರೇ ಆಗಿರುತ್ತಾರೆ, ಏಷ್ಯಾದವರಿಗೆ ಅಲ್ಲಿ ಬಂಧುಗಳೇ ವಿರಳವಲ್ಲವೆ ಎಂಬುದು ಆ ಪಕ್ಷದವರ ತರ್ಕ. ಹೀಗೆ ಮಿತಿಗೊಳಪಟ್ಟ ವೀಸಾಗಳಲ್ಲಿ ಶೇ. 74 ಬಂಧುಗಳಿಗೆ, ಅದರಲ್ಲಿ ಶೇ. 24 ಪೌರರ ಒಡಹುಟ್ಟಿದವರಿಗೆ ಮೀಸಲಾಯಿತು. ಆದರೆ ವೃತ್ತಿಯ ಕಿರುಬಾಗಿಲಿನಿಂದ ಒಳಹೊಕ್ಕ ಭಾರತೀಯ ವೈದ್ಯರೂ ಎಂಜಿನಿಯರುಗಳೂ ಪೌರರಾಗಿ, ತಮ್ಮಂದಿರನ್ನೂ ತಂಗಿಯರನ್ನೂ ಹೆಬ್ಬಾಗಿಲಿನಿಂದ ಕರೆಸಿಕೊಂಡರು. ಶಾಸನಕಾರರ ಎಣಿಕೆಯನ್ನು ಇತಿಹಾಸವು ಇಷ್ಟು ನಿರಾಯಾಸವಾಗಿ ತಲೆಕೆಳಗು ಮಾಡಿದ ನಿದರ್ಶನಗಳು ಹೆಚ್ಚಿಲ್ಲ.

ಇಲ್ಲಿ ಪದದ ಮಾತೊಂದು ಹೇಳಬೇಕು. ನಮ್ಮಲ್ಲಿ ಚಿಕ್ಕಪ್ಪನ ಮಗನೂ ದೊಡ್ಡಮ್ಮನ ಮಗನೂ ಅಣ್ಣತಮ್ಮಂದಿರೇ. ಆ ಕಾನೂನಿಗೆ ಅವರು ಯಾರೂ ಅಲ್ಲ. ತಂದೆಯಾಗಲಿ ತಾಯಿಯಾಗಲಿ ಒಬ್ಬರಾದರೂ ಸಮಾನರಾಗಿರಬೇಕು. ಕನ್ನಡದ ‘ಒಡಹುಟ್ಟಿದವರು’ ಎಂಬ ಮಾತೇ ಅದರ ಅರ್ಥಕ್ಕೆ ಹತ್ತಿರ. ಅವಿಭಕ್ತ ಕುಟುಂಬದ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವರನ್ನು ಅರ್ಜಿಯ ಅಂಕಣ ಬೇರ್ಪಡಿಸುತ್ತದೆ.

ಬೇರ್ಪಡದವರ ಪಾಡೂ ಸುಲಭದ್ದಲ್ಲ. ಈ ವರ್ಗಕ್ಕೆ ಜಗತ್ತಿಗೆಲ್ಲ ವರ್ಷಕ್ಕೆ ಸುಮಾರು 65,000 ವೀಸಾ. ಒಂದೊಂದು ದೇಶಕ್ಕೂ ಒಟ್ಟಾರೆ ಶೇ. 7ರ ಮಿತಿ. 2025ರ ಆರಂಭದಲ್ಲಿ ಭಾರತೀಯರ ಪೈಕಿ ಸರದಿ ಬಂದದ್ದು 2006ರಲ್ಲಿ ಅರ್ಜಿ ಸಲ್ಲಿಸಿದವರಿಗೆ. ಅಷ್ಟರಲ್ಲಿ ಕರೆಸಿಕೊಳ್ಳುವ ಅಣ್ಣ ನಿವೃತ್ತನಾಗಿರಬಹುದು. ಆದರೂ ಬಡತನರೇಖೆಯ ಶೇ. 125ರಷ್ಟು ಆದಾಯವನ್ನು ಅವನು ತೋರಿಸಲೇಬೇಕು, ಇಲ್ಲವೇ ಜೊತೆಗೆ ಹೊಣೆಹೊರುವ ಮತ್ತೊಬ್ಬರನ್ನು ಹುಡುಕಬೇಕು. ತಂಗಿಯ ಮಕ್ಕಳಿಗೆ 21 ತುಂಬಿದರೆ ಅವರು ಮಕ್ಕಳೆಂಬ ಎಣಿಕೆಯಿಂದಲೇ ಹೊರಗೆ. 2002ರ ಕಾಯಿದೆಯೊಂದು ಅರ್ಜಿಯ ಪರಿಶೀಲನೆಗೆ ಹಿಡಿದ ಕಾಲವನ್ನು ವಯಸ್ಸಿನಿಂದ ಕಳೆಯಲು ಅವಕಾಶವಿತ್ತಿತು. ಸರದಿಯಲ್ಲಿ ಕಾದ ವರ್ಷಗಳನ್ನು ಮಾತ್ರ ಕಳೆಯುವಂತಿಲ್ಲ. ಅರ್ಜಿ ಹಾಕುವಾಗ ತೊಟ್ಟಿಲಲ್ಲಿದ್ದ ಕೂಸಿಗೂ ಈ ನಿಯಮವೇ.