ಮೂರು ಸೆಲ್ಲಿನ ಬ್ಯಾಟರಿಯೂ ಕಸ ಹೀರುವ ಯಂತ್ರವೂ



ನಮ್ಮ ಕಡೆಯ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದರೆ ಟಾರ್ಚು. ಅದರೊಳಗೆ ಹಾಕುವುದು ‘ಸೆಲ್ಲು’. ಹಿರಿಯರ ಬಾಯಲ್ಲಿ ‘ಶೆಲ್ಲು’. ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಒಂದು ಚಿಕ್ಕ ರಿಪೇರಿ ನನಗೆ ಆ ಹಳೆಯ ಸೆಲ್ಲುಗಳನ್ನು ನೆನಪಿಸಿತು.

1980ರ ದಶಕದ ಕೊನೆಯಲ್ಲಿ ನನ್ನ ಮೊದಲ ನೇಮಕ ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಆಯಿತು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದು ಮಳೆ ಕಡಿಮೆಯ ಸೀಮೆ. ಗಾಳಿ ಬೀಸಿದರೆ ಧೂಳು ತರಗತಿಯೊಳಗೇ ಬಂದು ಕೂರುತ್ತಿತ್ತು. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಮೂರು ಸೆಲ್ಲಿನ ಬ್ಯಾಟರಿಯನ್ನು ದೇವರ ಗೂಡಿನ ಪಕ್ಕದಲ್ಲಿಡುತ್ತಿದ್ದರು. ಬೆಳಕು ಕೆಂಪಾದರೆ ಸೆಲ್ಲುಗಳನ್ನು ತೆಗೆದು ಬಿಸಿಲಿಗಿಡುವರು. ಸಂಜೆಗೆ ಅವಕ್ಕೆ ತುಸು ಜೀವ ಬರುತ್ತಿತ್ತು. ತೀರಾ ಸತ್ತ ಮೇಲೆ ಸಂತೆಯಿಂದ ಹೊಸದನ್ನು ತಂದು, ಹಿಂದಿನ ಮುಚ್ಚಳ ತಿರುಗಿಸಿ, ತಾವೇ ಹಾಕಿಕೊಳ್ಳುವರು. ಓದು ಬರಹ ಬಾರದ ಆ ಅಜ್ಜಿಗೆ ಯಾವ ಮೆಕ್ಯಾನಿಕ್ಕಿನ ಹಂಗೂ ಇರಲಿಲ್ಲ. ಮುಂದೆ ಹೊನ್ನಾಳಿಗೆ ವರ್ಗವಾದಾಗ, ತುಂಗಭದ್ರೆ ತುಂಬಿ ಕರೆಂಟು ಹೋದ ರಾತ್ರಿಗಳಲ್ಲಿ ನನಗೂ ಅದೇ ಬಗೆಯ ಬ್ಯಾಟರಿಯೇ ದಾರಿ ತೋರಿಸಿತು.

ಈ ಸೆಲ್ಲಿನ ಕಥೆ ಇಟಲಿಯಲ್ಲಿ ಆರಂಭವಾಗುತ್ತದೆ. 1800ರಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಎರಡು ಬೇರೆ ಬೇರೆ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು, ಅಂಥ ಜೋಡಿಗಳನ್ನು ಒಂದರ ಮೇಲೊಂದು ಪೇರಿಸಿದನು. ಪೇರಿಸಿದಷ್ಟೂ ವಿದ್ಯುತ್ತಿನ ಒತ್ತಡ ಹೆಚ್ಚಿತು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಸತು, ಮ್ಯಾಂಗನೀಸ್ ಡೈಆಕ್ಸೈಡ್ ಹಾಗೂ ನವಸಾಗರದ ದ್ರಾವಣದ ಕೋಶವನ್ನು ರೂಪಿಸಿದನು. ಜರ್ಮನಿಯ ಕಾರ್ಲ್ ಗಾಸ್ನರ್ 1886ರ ಸುಮಾರಿಗೆ ಅದನ್ನು ಚೆಲ್ಲದ ಒಣ ಕೋಶವನ್ನಾಗಿಸಿದನು. ನಮ್ಮ ಅಜ್ಜಿ ಬಿಸಿಲಿಗಿಡುತ್ತಿದ್ದುದು ಇದರ ವಂಶದ ಕುಡಿಯನ್ನೇ.

ಮರಳಿ ಚಾರ್ಜು ಮಾಡಬಲ್ಲ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಮಾಡಿದ್ದು. ಅದರ ಬಲದಿಂದಲೇ 1961ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ತಂತಿಯಿಲ್ಲದ ಡ್ರಿಲ್ಲನ್ನು ಮಾರುಕಟ್ಟೆಗೆ ತಂದಿತು. ಚಂದ್ರನ ನೆಲವನ್ನು ಕೊರೆಯಲು 1971ರಲ್ಲಿ ಅಪೊಲೊ 15ರ ಯಾತ್ರಿಗಳು ಒಯ್ದದ್ದೂ ಬ್ಯಾಟರಿಯ ಡ್ರಿಲ್ಲನ್ನೇ. ಅದೇ ಕಂಪನಿ 1979ರಲ್ಲಿ ‘ಡಸ್ಟ್‌ಬಸ್ಟರ್’ ಎಂಬ ಕೈಯಲ್ಲಿ ಹಿಡಿಯುವ ಕಸ ಹೀರುವ ಯಂತ್ರವನ್ನು ತಂದಿತು. ಲೀಥಿಯಂ ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೇಲೆ ಇಂಥ ಯಂತ್ರಗಳು ಹಗುರವೂ ಬಲಶಾಲಿಯೂ ಆದವು. ಅದರ ಮೂಲಪುರುಷರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಯಂತ್ರ ಹಗುರವಾದಂತೆಲ್ಲ ಅಜ್ಜಿಯ ಆ ತಿರುಗುವ ಮುಚ್ಚಳ ಮರೆಯಾಯಿತು.

ಇನ್ನು ನಮ್ಮ ಮನೆಯ ವಿಷಯ. ನಿವೃತ್ತನಾಗಿ ಚನ್ನಗಿರಿಯಲ್ಲಿ ನೆಲೆಸಿದ್ದೇನೆ. ಅಡಿಕೆ ಸುಲಿಯುವ ಕಾಲದಲ್ಲಿ ಇಲ್ಲಿ ಧೂಳಿಗೆ ಕೊರತೆಯಿಲ್ಲ. ಮನೆಯಾಕೆಗೆ ಉಬ್ಬಸವಿದೆ, ಪೊರಕೆ ಆಡಿಸಿದರೆ ಆ ರಾತ್ರಿ ಅವಳಿಗೆ ನಿದ್ರೆಯಿಲ್ಲ. ಅದನ್ನು ಕಂಡು ಮಗಳು ತಂತಿಯಿಲ್ಲದ ವ್ಯಾಕ್ಯೂಮ್ ಕ್ಲೀನರ್ ತಂದುಕೊಟ್ಟಳು. ಮೂರು ವರ್ಷ ಚೆನ್ನಾಗಿ ನಡೆದ ಯಂತ್ರ ಕ್ರಮೇಣ ಎರಡೇ ನಿಮಿಷಕ್ಕೆ ನಿಲ್ಲತೊಡಗಿತು. ಕಂಪನಿಗೆ ಫೋನು ಮಾಡಿದರೆ, “ಆ ಮಾಡೆಲ್ ಈಗ ಬರುತ್ತಿಲ್ಲ, ಹೊಸದು ತಗೊಳ್ಳಿ” ಎಂಬ ಉತ್ತರ ಬಂದಿತು.

ಊರಿನಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಶಿಷ್ಯನೊಬ್ಬನ ಬಳಿಗೆ ಅದನ್ನು ಹಿಡಿದು ಹೋದೆ. ನಾನು ನ್ಯಾಮತಿಯಲ್ಲಿದ್ದಾಗ ಅವನು ಎಂಟನೆಯ ತರಗತಿ. ಅವನು ಯಂತ್ರವನ್ನು ಮಗುಚಿ ನೋಡಿ, “ಮೂರು ಸ್ಕ್ರೂ ಅಷ್ಟೇ ಸಾರ್. ಮೋಟ್ರು ಚೆನ್ನಾಗೈತೆ” ಎಂದನು. ಹೊರಬಂದ ಬ್ಯಾಟರಿಯ ಮೇಲೆ 21.6 ವೋಲ್ಟ್ ಎಂದು ಬರೆದಿತ್ತು. ಒಳಗೆ ಆರು ಸೆಲ್ಲುಗಳು, ಒಂದೊಂದಕ್ಕೆ 3.6 ವೋಲ್ಟ್, ಆರು ಸೇರಿ 21.6. ವೋಲ್ಟಾ ಬಿಲ್ಲೆಗಳನ್ನು ಪೇರಿಸಿದ ಲೆಕ್ಕವೇ ಇದು. ಒಂದೂವರೆ ವೋಲ್ಟಿನ ಮೂರು ಸೆಲ್ಲು ಸೇರಿ ನಾಲ್ಕೂವರೆಯಾಗುತ್ತಿದ್ದ ಅಜ್ಜಿಯ ಬ್ಯಾಟರಿಯ ಲೆಕ್ಕವೂ ಇದೇ. ಅದೇ ಮಾಡೆಲ್ಲಿನ, ಅದೇ ವೋಲ್ಟಿನ ಹೊಸ ಬ್ಯಾಟರಿ ತರಿಸಿ ಕೂಡಿಸಲು ಅವನಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ಕೂಲಿ ಕೊಡಹೋದರೆ ನಕ್ಕು, “ಸ್ಕೂಲಿನ ಗಡಿಯಾರ ಬಿಚ್ಚಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ರಿ, ನೆನಪೈತಾ ಸಾರ್?” ಎಂದನು. ನೆನಪಿತ್ತು. ನಿಂತುಹೋಗಿದ್ದ ಗಡಿಯಾರದಲ್ಲಿ ಏನು ಕೆಟ್ಟಿದೆಯೆಂದು ನೋಡಲು ಅವನು ಅದನ್ನು ಬಿಚ್ಚಿದ್ದ. ನಾನು ಕಾರಣವನ್ನೂ ಕೇಳದೆ ಶಿಕ್ಷಿಸಿದ್ದೆ. “ತಪ್ಪು ನನ್ನದಪ್ಪ” ಎಂದೆ. ಮೂವತ್ತು ವರ್ಷಕ್ಕೂ ಮೀರಿ ಪಾಠ ಹೇಳಿದ ಮೇಲೆ ಇದನ್ನು ಶಿಷ್ಯನಿಂದ ಕಲಿಯಬೇಕಾಯಿತು.

ಹಳೆಯ ಸೆಲ್ಲುಗಳನ್ನು ನಾವು ತಿಪ್ಪೆಗೆ ಎಸೆಯುತ್ತಿದ್ದೆವು. ಲೀಥಿಯಂ ಬ್ಯಾಟರಿಯನ್ನು ಹಾಗೆ ಎಸೆಯಬಾರದು. ಚುಚ್ಚಿದರೆ, ಜಜ್ಜಿದರೆ, ಬೆಂಕಿಗೆ ಹಾಕಿದರೆ ಉರಿದು ಸಿಡಿಯಬಲ್ಲದು. ಅದನ್ನು ಬಿಚ್ಚಿ ಒಳಗಿನ ಸೆಲ್ಲು ಬದಲಿಸಲು ಮನೆಯಲ್ಲಿ ಯಾರೂ ಕೈಹಾಕಬೇಡಿ. ಭಾರತ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇವುಗಳನ್ನು ಮನೆಯ ಕಸದಿಂದ ಬೇರ್ಪಡಿಸುವುದು ಬಳಸುವವರ ಹೊಣೆ. ಮರುಬಳಕೆಗೆ ಒಯ್ಯುವುದು ತಯಾರಕರ ಹೊಣೆ. ಯುರೋಪಿನ ಒಕ್ಕೂಟವು 2023ರಲ್ಲಿ ಮಾಡಿದ ಕಾನೂನೊಂದು, ಕೆಲವು ವಿನಾಯಿತಿಗಳನ್ನು ಬಿಟ್ಟು, ಚಿಕ್ಕ ಯಂತ್ರಗಳ ಬ್ಯಾಟರಿಯನ್ನು ಕೊಂಡವರೇ ತೆಗೆದು ಹಾಕುವಂತಿರಬೇಕೆಂದು ವಿಧಿಸಿದೆ. ಅದು ಜಾರಿಗೆ ಬರಲು ಗೊತ್ತುಮಾಡಿದ ದಿನ 2027ರ ಫೆಬ್ರವರಿ 18. ಜಗಳೂರಿನ ಅಜ್ಜಿಗೆ ಕಾನೂನಿಲ್ಲದೆಯೇ ಇದ್ದ ಸ್ವಾತಂತ್ರ್ಯವದು.

ಈಗ ಮನೆಯಲ್ಲಿ ಯಂತ್ರ ಮತ್ತೆ ಗುಂಯ್‌ಗುಡುತ್ತಿದೆ; ಮನೆಯಾಕೆ ರಾತ್ರಿ ನಿದ್ರಿಸುತ್ತಿದ್ದಾಳೆ. ನಿಮ್ಮ ಮಕ್ಕಳು ಏನನ್ನಾದರೂ ಬಿಚ್ಚಿ ಕುಳಿತಿದ್ದರೆ ಗದರುವ ಮೊದಲು, ಏಕೆಂದು ಒಮ್ಮೆ ಕೇಳಿರಿ.