ಸೇಂಟ್ ಮೇರೀಸ್ ದ್ವೀಪಗಳು: ಪ್ರವಾಸಿ ಸುರಕ್ಷತೆ

ಉಡುಪಿಯ ಮಲ್ಪೆ ಕಡಲತೀರದಾಚೆ ಇರುವ ಪುಟ್ಟ ದ್ವೀಪಸಮೂಹ. ತೋನ್ಸೆಪಾರ್ ಎಂಬ ಹೆಸರೂ ಇದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರಿ ಕುಗ್ಗುತ್ತ ಬಿರುಕು ಬಿಟ್ಟು, ಬಹುಮಟ್ಟಿಗೆ ಆರು ಮುಖಗಳ ಶಿಲಾಕಂಬಗಳಾದವು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಜನ ಬಸಾಲ್ಟ್ ಎಂದರೂ ಕಲ್ಲು ಸಿಲಿಕಾ ಹೆಚ್ಚಿರುವ ಜಾತಿಯದು.

ಕಣ್ಸೆಳೆಯುವ ಈ ಕಂಬಗಳೇ ಅಪಾಯದ ಮೂಲ. ಮೆಟ್ಟಿಲಿನಂತೆ ಕಾಣುವ ತುದಿಗಳ ಮೇಲೆ ಪಾಚಿ ಕಟ್ಟಿರುತ್ತದೆ. ಬಂಡೆಯ ಬುಡದಲ್ಲಿ ನೀರು ಒಮ್ಮೆಲೇ ಆಳವಾಗುತ್ತದೆ. ಬಿದ್ದವರನ್ನು ಅಲೆ ಮತ್ತೆ ಕಲ್ಲಿಗೇ ಅಪ್ಪಳಿಸುವುದರಿಂದ ಈಜು ಬಲ್ಲವರೂ ಸೋಲುತ್ತಾರೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಹೊಳೆಯಲ್ಲಿ ಈಜಿ ಬೆಳೆದವರಿಗೂ ಈ ಎಚ್ಚರಿಕೆ ಸಲ್ಲುತ್ತದೆ: ಹೊಳೆಯ ಸೆಳವು ಒಂದು ದಿಕ್ಕಿನದು, ಕಡಲಿನದು ಹಾಗಲ್ಲ.

ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಸಂಚಾರ ನಿಲ್ಲುತ್ತದೆ. ಉಳಿದ ದಿನಗಳಲ್ಲಿ ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ತೊಡಬೇಕು, ಒದ್ದೆ ಬಂಡೆ ಏರಬಾರದು, ಅಲೆಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬಾರದು. ತೀರದಲ್ಲಿ ಮರಳಿಗಿಂತ ಒಡೆದ ಚಿಪ್ಪೇ ಹೆಚ್ಚು. ಬರಿಗಾಲಿಗೆ ಗಾಯ ಖಚಿತ.